ಮನೆ ಮಾಲಕನ ನಷ್ಟಕ್ಕೆ ಮಮತೆ, ಅಂಗಡಿಕಾರನ ನಷ್ಟಕ್ಕೆ ಮುನಿಸು!

ನಷ್ಟದಲ್ಲಿಯೂ ಪಂಕ್ತಿಭೇದ ಉಂಟೆ? ಉಂಟು. ನಮ್ಮ ಆದಾಯ ತೆರಿಗೆ ಕಾಯದೆಯಲ್ಲಿ ಬಾಡಿಗೆ ಮನೆಯ ಮಾಲಕನ ನಷ್ಟಕ್ಕೆ ಮೊದಲ ಪಂಕ್ತಿ, ತುಪ್ಪದೂಟ; ಗಣಪತ ಗಲ್ಲಿಯ ಚಿಕ್ಕ ಅಂಗಡಿಕಾರನ ನಷ್ಟಕ್ಕೆ ಕಡೆಯ ಪಂಕ್ತಿ; ವಡಗಾವಿಯ ಮಗ್ಗದ ಕೆಲಸಗಾರನಿಗಂತೂ ಎಲೆಯೇ ಇಲ್ಲ.

ಒಂದು ಲೆಕ್ಕ ಹಾಕೋಣ. ತೆರಿಗೆಗೆ ಒಳಪಡುವ 15 ಲಕ್ಷ ರೂಪಾಯಿ ಸಂಬಳದ ಸಾಹೇಬರೊಬ್ಬರು ಬ್ಯಾಂಕಿನ ಸಾಲದಿಂದ ಟಿಳಕವಾಡಿಯಲ್ಲಿ ಎರಡನೆಯ ಮನೆ ಕೊಂಡು, ತಿಂಗಳಿಗೆ 15,000 ರೂ. ಬಾಡಿಗೆಗೆ ಕೊಟ್ಟರೆಂದು ಹಿಡಿಯಿರಿ. ವರ್ಷದ ಬಾಡಿಗೆ 1,80,000 ರೂ. ಇದರಲ್ಲಿ ಶೇಕಡಾ 30, ಅಂದರೆ 54,000 ರೂ. ವಜಾ. ಖಾನಾಪುರದ ಒಂದು ಹಂಚನ್ನೂ ಬದಲಿಸದಿದ್ದರೂ ವಜಾ, ರಸೀದಿ ಕೇಳುವವರಿಲ್ಲ! ಉಳಿದ 1,26,000 ರೂಪಾಯಿಯಲ್ಲಿ ಸಾಲದ ಬಡ್ಡಿ 4,00,000 ರೂ. ಕಳೆದರೆ, ಕಾಗದದ ಮೇಲೆ 2,74,000 ರೂ. ನಷ್ಟ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಇದರಲ್ಲಿ 2 ಲಕ್ಷವನ್ನು ಸಂಬಳದಿಂದಲೇ ಕಳೆಯಬಹುದು. ಸೆಸ್ ಸೇರಿ ಉಳಿಯುವ ತೆರಿಗೆ 62,400 ರೂ. ಮಿಕ್ಕ 74,000 ರೂ. ಮುಂದಿನ 8 ವರ್ಷ ಮನೆಯ ಆದಾಯದಲ್ಲಿ ಕಳೆಯಲು ಜಮೆ. ನಷ್ಟಕ್ಕೆ ಹೆಗಲು ಸರಕಾರದ್ದು, ಆಸ್ತಿ ಮಾತ್ರ ಸಾಹೇಬರದು!

ಈ 2 ಲಕ್ಷದ ಮಿತಿಯೂ ಬಂದದ್ದು 2017ರಲ್ಲಿ. ಅದಕ್ಕೆ ಮೊದಲು ಮಿತಿಯೇ ಇರಲಿಲ್ಲ. ಹೊಸ ಪದ್ಧತಿಯಲ್ಲಿ ಈ ದಾರಿಯನ್ನು ಮುಚ್ಚಿದ್ದಾರೆ. ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನು ಯಾರಿಗಾಗಿ ತೆರೆದಿಟ್ಟರು? 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯದೆಯೂ ಆ ಬಾಗಿಲಿಗೆ ಚಿಲಕ ಹಾಕಲಿಲ್ಲ.

ಈಗ ಅಂಗಡಿಕಾರನನ್ನು ನೋಡಿರಿ. ವ್ಯಾಪಾರ ನೆಲಕಚ್ಚಿ, ಹೊಟ್ಟೆಪಾಡಿಗೆ ಅವನು ಎಲ್ಲಿಯೋ ಸಂಬಳಕ್ಕೆ ನಿಂತನೆನ್ನಿ. ಅಂಗಡಿಯ ನಷ್ಟದಲ್ಲಿ ಒಂದು ಪೈಸೆಯನ್ನೂ ಆ ಸಂಬಳದಿಂದ ಕಳೆಯುವಂತಿಲ್ಲ. ಗಡುವಿನೊಳಗೆ ರಿಟರ್ನ್ ಸಲ್ಲಿಸದಿದ್ದರೆ ಆ ನಷ್ಟ ಮುಂದಿನ ವರ್ಷಕ್ಕೂ ಹೋಗದು. 1961ರ ಕಾಯದೆ ಮನೆಯ ನಷ್ಟಕ್ಕೆ ಈ ಗಡುವಿನ ಹಗ್ಗವನ್ನು ಕಟ್ಟಲೇ ಇಲ್ಲ! ಮೇಲೆ ಜಿ.ಎಸ್.ಟಿ. ಬೇರೆ. ಮಳಿಗೆಯ ಮಾಲಕ ಜಿ.ಎಸ್.ಟಿ. ನೋಂದಣಿಯಾದವನಾದರೆ ಬಾಡಿಗೆಯ ಮೇಲೆ ಶೇಕಡಾ 18. ಕಾಂಪೋಸಿಷನ್ ಪದ್ಧತಿಯ ಚಿಕ್ಕ ವ್ಯಾಪಾರಿಗೆ ಅದರಲ್ಲಿ ಒಂದು ಕಾಸೂ ಮರಳಿ ಬಾರದು.

ಖಾನಾಪುರದಿಂದ ನಸುಕಿನಲ್ಲಿ ಬಸ್ಸು ಹಿಡಿದು ಉದ್ಯಮಬಾಗಕ್ಕೆ ಬರುವ ಕೂಲಿಕಾರನ ಗಳಿಕೆ ಆದಾಯ ತೆರಿಗೆಯ ಹೊಸ್ತಿಲನ್ನೇ ಮುಟ್ಟದು. ಆದ್ದರಿಂದ ತೆರಿಗೆಯಲ್ಲಿ ಬಾಡಿಗೆಯ ರಿಯಾಯತಿ ಅವನಿಗೆ ಸೊನ್ನೆ. ಆದರೆ ಸಾಬೂನಿಗೂ ಚಪ್ಪಲಿಗೂ ಅವನು ತೆರಿಗೆ ಕೊಡುತ್ತಾನೆ. ಆ ಕಾಸು ಸಾಹೇಬರ ಎರಡನೆಯ ಮನೆಯ ಬಡ್ಡಿಗೆ ಆಸರೆ!

"ರಿಯಾಯತಿ ಇಲ್ಲದಿದ್ದರೆ ಬಾಡಿಗೆಗೆ ಮನೆಗಳೇ ಇರಲಾರವು" ಎನ್ನುವವರುಂಟು. ಕಟ್ಟಿ ನಿಂತ ಮನೆಯನ್ನು ಕೊಂಡರೆ ಊರಿಗೆ ಒಂದು ಇಟ್ಟಿಗೆಯೂ ಹೆಚ್ಚಾಗದು. ಬಾಡಿಗೆ ಇಳಿಸಬೇಕೆಂಬ ಷರತ್ತೂ ಇದಕ್ಕಿಲ್ಲ. ಸಾಲವಿಲ್ಲದ ಒಂದು ಕೋಣೆ ಬಾಡಿಗೆಗೆ ಕೊಟ್ಟು ಬದುಕುವ ವಿಧವೆಯೊಡನೆ ನಮ್ಮ ಜಗಳವಿಲ್ಲ. ಬಡ್ಡಿಯ ಈ ಆಟದಿಂದ ಆಕೆಗೆ ಲಾಭವೂ ಇಲ್ಲ.

ಇದು ಸಮಾಜವಾದಿಗಳ ಹಟವೆನ್ನುವವರು ಬಂಡವಾಳಶಾಹಿಯ ತವರಾದ ಅಮೆರಿಕೆಯನ್ನೇ ನೋಡಲಿ. ರೇಗನ್ನರ ಕಾಲದಲ್ಲಿ, 1986ರಲ್ಲಿ ಬಂದ ಕಾಯದೆ ಮಾಲಕನನ್ನು ಕೇಳುತ್ತದೆ: "ಈ ಮನೆಯ ಕಾರಭಾರದಲ್ಲಿ ನಿನ್ನ ಕೈ ಎಷ್ಟು?" ಹಣ ಹೂಡಿ ಸುಮ್ಮನೆ ಕುಳಿತವನು ಬಾಡಿಗೆಯ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ತಾನೇ ಉಸ್ತುವಾರಿ ನೋಡುವವನಿಗೂ 25,000 ಡಾಲರಿನ ಮಿತಿ. ಆದಾಯ 1 ಲಕ್ಷ ಡಾಲರ್ ದಾಟಿದರೆ ಅದು ಕರಗುತ್ತ, ಒಂದೂವರೆ ಲಕ್ಷಕ್ಕೆ ಪೂರ್ತಿ ನಿಲ್ಲುತ್ತದೆ. ಮನೆ ವ್ಯವಹಾರವನ್ನೇ ವೃತ್ತಿಯಾಗಿಸಿಕೊಂಡವರಿಗೆ ಮಾತ್ರ ಬೇರೆ ನಿಯಮ. ನಮ್ಮ ಕಾಯದೆಗೆ ಆ ಪ್ರಶ್ನೆ ಕೇಳುವ ನಾಲಗೆಯೇ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯುವ ಅವಕಾಶ ಎರಡೂ ಪದ್ಧತಿಗಳಲ್ಲಿ ನಿಲ್ಲಲಿ.

2. ದುಡಿದು ಸೋತ ಚಿಕ್ಕ ವ್ಯಾಪಾರಿಯ ನಷ್ಟಕ್ಕೆ ಆ ಅವಕಾಶ ದೊರೆಯಲಿ. ಅವನ ಮಳಿಗೆಯ ಬಾಡಿಗೆಯ ಮೇಲಿನ ಜಿ.ಎಸ್.ಟಿ. ಹೋಗಲಿ.

3. ಉಳಿಯುವ ಹಣದಿಂದ ಬೆಳಗಾವಿ, ಖಾನಾಪುರಗಳಲ್ಲಿ ಕಾರ್ಮಿಕರಿಗೆ ಸರಕಾರವೇ ಬಾಡಿಗೆ ಮನೆಗಳನ್ನು ಕಟ್ಟಲಿ.

ಕಾರ್ಮಿಕರೇ, ವ್ಯಾಪಾರಿ ಬಂಧುಗಳೇ! ಬಾಡಿಗೆ ಕೊಡುವ ದಿನ ನೀವಿಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತೀರಿ. ನ್ಯಾಯ ಕೇಳುವ ದಿನವೂ ಒಂದೇ ಸಾಲಿನಲ್ಲಿ ನಿಲ್ಲಿರಿ.