ಕ್ಯಾನ್ಸಲ್ ಆದ ಬೋಟಿ ಗೊಜ್ಜು



ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೈಸೂರಲ್ಲಿ ನಮ್ಮ ಅತ್ತಿಗೆ ಒಂದು ಸಣ್ಣ ಮೆಸ್ ನಡೆಸ್ತಾರೆ. ನಾಲ್ಕು ಟೇಬಲ್ಲು. ಮುದ್ದೆ, ನಾಟಿ ಕೋಳಿ ಸಾರು, ಭಾನುವಾರ ಬೋಟಿ ಗೊಜ್ಜು, ತಲೆಮಾಂಸ. ಬೋರ್ಡಿನ ಮೇಲೆ 'ರಮಾಬಾಯಿ ಮೆಸ್' ಅಂತ ಹೆಸರು, ಗಲ್ಲಾದ ಹಿಂದೆ ಬಾಬಾಸಾಹೇಬರ ಫೋಟೋ. ಹೋದ ವರ್ಷ ಒಂದು ಫುಡ್ ಆ್ಯಪ್ ಕಂಪನಿಯ ಹುಡುಗ ಬಂದ. ಅಡುಗೆಮನೆ, ತಟ್ಟೆ, ಮೆನು ಎಲ್ಲಾ ಫೋಟೋ ಹೊಡೆದ. ಆಮೇಲೆ ಮೆಲ್ಲಗೆ, "ಅಕ್ಕಾ, ಆ್ಯಪ್‌ನಲ್ಲಿ ಹೆಸರು ಬೇರೆ ಇಡೋಣ್ವಾ? ಈ ಹೆಸರಿಗೆ ಆರ್ಡರ್ ಬರೋದು ಕಷ್ಟ. ಹಿಂದಿನ ಫೋಟೋನೂ ಬೇಡ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಹೋಟೆಲ್ ಸೇರಿಸಬೇಕು ಅಂತ ಅವನಿಗೂ ಟಾರ್ಗೆಟ್. ಅವನು ನಮ್ಮವನೇ ಇದ್ದರೂ ಇರಬಹುದು, ನಾನು ಕೇಳಲಿಲ್ಲ.

ಅತ್ತಿಗೆ ಒಪ್ಪಿದರು. ಆ್ಯಪ್‌ನಲ್ಲಿ ಹೆಸರು 'ಮನೆ ರುಚಿ' ಆಯ್ತು. ಮೊದಲನೇ ತಿಂಗಳಲ್ಲೇ ಆರ್ಡರ್ ಬಂದವು. ಎಲ್ಲಿಂದ? ಯಾವ ಬೀದಿಯವರು ಹದಿನೈದು ವರ್ಷದಲ್ಲಿ ಒಮ್ಮೆಯೂ ನಮ್ಮ ಮೆಸ್ಸಿನ ಮೆಟ್ಟಿಲು ಹತ್ತಿಲ್ಲವೋ ಆ ಬೀದಿಗಳಿಂದ! ಅತ್ತಿಗೆ ನಕ್ಕೊಂಡು, "ನಮ್ಮನೆ ನೀರು ಮುಟ್ಟದೋರು ನಮ್ ಬೋಟಿ ತಿಂತಾವ್ರೆ ಕಣಪ್ಪ" ಅಂದ್ರು. ನಾನೂ ನಕ್ಕೆ. ತಂತ್ರಜ್ಞಾನ ಜಾತಿಯನ್ನ ಗೆದ್ದುಬಿಡ್ತು ಅಂತ ಎರಡು ಮೂರು ಮೀಟಿಂಗಲ್ಲಿ ಭಾಷಣವನ್ನೂ ಬಿಗಿದೆ. ಆ ಮಾತನ್ನ ಇವತ್ತು ವಾಪಸ್ ತಗೋತಿದೀನಿ.

ಆ್ಯಪ್‌ನಲ್ಲಿ ಆರ್ಡರ್ ಮಾಡಿ ತಾವೇ ಬಂದು ಪಾರ್ಸೆಲ್ ಒಯ್ಯೋ ವ್ಯವಸ್ಥೆಯೂ ಇತ್ತು. ಒಂದು ಭಾನುವಾರ ಒಬ್ಬರು ಬಂದರು. ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಬಾಗಿಲಲ್ಲಿ ನಿಂತು ಗಲ್ಲಾ ಕಡೆ ನೋಡಿದರು, ಫೋಟೋ ನೋಡಿದರು, ಬೋರ್ಡನ್ನ ಇನ್ನೊಂದು ಸಲ ನೋಡಿದರು. ಹೊರಗೆ ಹೋಗಿ ಮೊಬೈಲ್ ಒತ್ತಿದರು. ಒಳಗೆ ಅತ್ತಿಗೆಯ ಫೋನು ಕುಯ್ ಅಂತು. ಆರ್ಡರ್ ಕ್ಯಾನ್ಸಲ್. ಕಾರಣ: 'ಮನಸ್ಸು ಬದಲಾಯಿತು.'

ಆ ಪಟ್ಟಿಯಲ್ಲಿ ಇನ್ನೂ ನಾಲ್ಕೈದು ಕಾರಣ ಇರ್ತವೆ. ತಡವಾಯಿತು, ವಿಳಾಸ ತಪ್ಪು, ಹೀಗೆ. ನಿಜವಾದ ಕಾರಣಕ್ಕೆ ಅಲ್ಲಿ ಜಾಗವೇ ಇಲ್ಲ. ಸಂವಿಧಾನದ 15(2)ನೇ ವಿಧಿ ನಮ್ಮನ್ನ ಹೋಟೆಲೊಳಗೆ ಬಿಡಿ ಅನ್ನುತ್ತೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಆರ್ಥಿಕ ಬಹಿಷ್ಕಾರವನ್ನ ಅಪರಾಧ ಅನ್ನುತ್ತೆ. ಆದರೆ ಒಂದು ಬಟನ್ ಒತ್ತಿ ಮನಸ್ಸು ಬದಲಾಯಿಸಿದವನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡೋದು? ಕಟ್ಟಿಟ್ಟಿದ್ದ ಗೊಜ್ಜನ್ನ ಅತ್ತಿಗೆ ನನ್ನ ತಟ್ಟೆಗೇ ಸುರಿದರು. ಒಂದು ಮಾತೂ ಆಡಲಿಲ್ಲ.

ಆ್ಯಪ್ ಜಾತಿಯನ್ನ ಅಳಿಸಲಿಲ್ಲ, ನಮ್ಮ ಹೆಸರನ್ನ ಅಳಿಸ್ತು. ಅದಕ್ಕೆ ಬಾಡಿಗೆ ಕಟ್ಟೋರೂ ನಾವೇ. ಲೆಕ್ಕ ಕೇಳಿ. 200 ರೂಪಾಯಿ ಆರ್ಡರಿಗೆ ನಮ್ಮ ಮೆಸ್ಸಿಗೆ ಕಮಿಷನ್ 25%, ಅಂದರೆ 50 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ, 9 ರೂಪಾಯಿ. ಉಳಿದ 141ರಲ್ಲಿ ಕೋಳಿ, ಗ್ಯಾಸು, ಡಬ್ಬಿ, ಬಾಡಿಗೆ, ಕೆಲಸದವರ ಕೂಲಿ. 'ಆಫರ್' ಹಾಕಿದರೆ ಅದೂ ನಮ್ಮ ಕೈಯಿಂದಲೇ. ಇಷ್ಟೆಲ್ಲಾ ಕೊಟ್ಟರೂ ಊಟ ತಿಂದೋರ ಫೋನ್ ನಂಬರ್ ನಮಗಿಲ್ಲ. ಗಿರಾಕಿ ಆ್ಯಪಿನ ಆಸ್ತಿ. ಇದು ದೊಡ್ಡ ಹೋಟೆಲಿನವರದ್ದೂ ನೋವೇ. ಅವರ ರಾಷ್ಟ್ರೀಯ ಸಂಘ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟು, 2022ರ ಏಪ್ರಿಲ್‌ನಲ್ಲಿ ತನಿಖೆಗೆ ಆದೇಶವಾಯ್ತು. ಆದರೆ ಆ ದೂರಿನಲ್ಲಿ ಹೆಸರು ಮುಚ್ಚಿಟ್ಟು ವ್ಯಾಪಾರ ಮಾಡೋರ ನೋವು ಇರೋಕೆ ಸಾಧ್ಯವಿಲ್ಲ ಬಿಡಿ.

ಮಡಿ-ಮೈಲಿಗೆ ಸಾಫ್ಟ್‌ವೇರಿಗೆ ಗೊತ್ತಿಲ್ಲ ಅನ್ನೋರಿಗೆ ನೆನಪಿಸ್ತೀನಿ. 2024ರ ಮಾರ್ಚ್ 19ರಂದು ಜೊಮ್ಯಾಟೊ 'ಪ್ಯೂರ್ ವೆಜ್' ಗಿರಾಕಿಗಳಿಗೆ ಬೇರೆ ಡೆಲಿವರಿ ಪಡೆ, ಅವರಿಗೆ ಹಸಿರು ಅಂಗಿ, ಹಸಿರು ಡಬ್ಬಿ ಅಂತ ಘೋಷಿಸ್ತು. ಗಲಾಟೆ ಆಗಿ ಮಾರನೇ ದಿನವೇ ಹಸಿರು ಅಂಗಿ ಬಿಟ್ಟರು, ಬೇರೆ ಪಡೆ ಬಿಡಲಿಲ್ಲ. ಆ ಮಾರನೇ ದಿನ ಮಾರ್ಚ್ 20. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌಡಾರ್ ಕೆರೆಯ ನೀರು ಕುಡಿದ ದಿನ!

ಕೊಲ್ಹಾಪುರದ ಗಂಗಾರಾಮ್ ಕಾಂಬ್ಳೆ ಕಥೆ ನಿಮಗೆ ಗೊತ್ತೇ ಇದೆ. ಚಹಾ ಅಂಗಡಿ ಇಡೋಕೆ ಶಾಹು ಮಹಾರಾಜರೇ ನೆರವಾದರು. ಆಮೇಲೆ ಅರಮನೆಗೆ ಚಹಾ ತರಿಸಿಕೊಂಡು ಗುಟ್ಟಾಗಿ ಕುಡಿಯಲಿಲ್ಲ. ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಜೊತೆಗಿದ್ದ ಮೇಲ್ಜಾತಿ ಅಧಿಕಾರಿಗಳ ಕೈಗೂ ಕಪ್ ಕೊಡಿಸಿ, ಎಲ್ಲರೂ ನೋಡೋ ಹಾಗೆ ಕುಡಿದರು. ಚಂದ್ರಭಾನ್ ಪ್ರಸಾದ್ 2016ರಲ್ಲಿ ಆನ್‌ಲೈನಲ್ಲಿ ಉಪ್ಪಿನಕಾಯಿ, ಮಸಾಲೆ ಮಾರೋಕೆ ಹೊರಟಾಗ 'ದಲಿತ್ ಫುಡ್ಸ್' ಅಂತಲೇ ಹೆಸರಿಟ್ಟರು. ಅವರ ಬಂಡವಾಳಶಾಹಿ ವಾದದ ಬಗ್ಗೆ ನನಗೆ ನೂರು ತಕರಾರಿವೆ, ಆ ಹೆಸರಿನ ಬಗ್ಗೆ ಒಂದೂ ಇಲ್ಲ.

ಇಷ್ಟನ್ನೂ ಅತ್ತಿಗೆ ಮುಂದೆ ಹೇಳಿ, ಆ್ಯಪ್ ಬಿಟ್ಟುಬಿಡಿ ಅಂದೆ. "ಮಗಳ ಕಾಲೇಜ್ ಫೀಜು ನಿನ್ನ ಭಾಷಣ ಕಟ್ತದಾ?" ಅಂದ್ರು. ಉತ್ತರ ಇರಲಿಲ್ಲ. ಹಸಿದೋರ ಗಲ್ಲಾದ ಮುಂದೆ ನಿಂತು ಸ್ವಾಭಿಮಾನದ ಪಾಠ ಮಾಡೋದು ನಮ್ಮ ಚಳವಳಿಯವರಿಗೆ ಅಂಟಿದ ರೋಗ, ನನಗೂ ಇದೆ.

ದಾರಿ ತೋರಿಸಿದ್ದು ಆ ಮಗಳೇ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಮೆನು ಹಾಕಿದಳು, ಪುಕ್ಕಟೆ. ಹೆಸರು 'ರಮಾಬಾಯಿ ಮೆಸ್', ಪಕ್ಕದಲ್ಲಿ ಅದೇ ಫೋಟೋ. ದುಡ್ಡು ಯುಪಿಐನಲ್ಲಿ ನೇರ ಅಕೌಂಟಿಗೆ. ಮೂರು ಕಿಲೋಮೀಟರ್ ಒಳಗೆ ಓಣಿಯ ಹುಡುಗ ಬೈಕಲ್ಲಿ ಕೊಟ್ಟು ಬರ್ತಾನೆ, ಒಂದು ಪಾರ್ಸೆಲಿಗೆ 30 ರೂಪಾಯಿ ಪೂರಾ ಅವನಿಗೇ. ತೊಂದರೆ ಇಲ್ಲ ಅಂತಲ್ಲ. ಭಾನುವಾರ ಮೆಸೇಜ್ ರಾಶಿ ಬಿದ್ದು ಎರಡು ಸಲ ಆರ್ಡರ್ ತಪ್ಪಿ ಹೋಗಿವೆ. ಮಳೆ ಬಂದರೆ ಹುಡುಗ ಸಿಗೋದಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗಿಂದ ಅತ್ತಿಗೆಗೆ ಕ್ಯೂಆರ್ ಕೋಡ್ ಕಂಡ್ರೇ ಭಯ. ದಿನಕ್ಕೆ ಏಳೆಂಟು ಆರ್ಡರ್ ಅಷ್ಟೇ. ಆ್ಯಪ್‌ನಲ್ಲಿ 'ಮನೆ ರುಚಿ' ಇನ್ನೂ ಇದೆ, ಬಿಟ್ಟಿಲ್ಲ. ಆದರೆ ಈ ಏಳೆಂಟು ಮಂದಿಯ ನಂಬರ್ ಅವರ ಹತ್ತಿರ ಇದೆ, ಅವರೆಲ್ಲ ಹೆಸರು ನೋಡಿಯೇ ಆರ್ಡರ್ ಮಾಡಿದೋರು.

ಈಗ ನಿಮ್ಮನ್ನ ಒಂದು ಕೇಳ್ತೀನಿ, ಬೇಜಾರಾಗಬೇಡಿ. ಹೋದ ಏಪ್ರಿಲ್ 14ಕ್ಕೆ ನಮ್ಮದೇ ಜಿಲ್ಲಾ ಕಾರ್ಯಕ್ರಮಕ್ಕೆ ಇನ್ನೂರು ಊಟ ಎಲ್ಲಿಂದ ಬಂತು? ಆರ್ಡರ್ ಮಾಡಿದವನು ನಾನೇ, ಆ್ಯಪ್‌ನಲ್ಲಿ, 20% ಡಿಸ್ಕೌಂಟ್ ಕಂಡು. ಯಾರ ಅಡುಗೆಮನೆ ಅಂತ ನೋಡಲೇ ಇಲ್ಲ. ನಿಮ್ಮೂರಲ್ಲಿ ನಮ್ಮವರ ಮೆಸ್, ಕ್ಯಾಂಟೀನ್, ತಳ್ಳುಗಾಡಿ ಇದ್ದರೆ, ಅವರು ಬೋರ್ಡ್ ಮೇಲೆ ಬರೆಸಿರೋ ಹೆಸರು ಕೆಳಗೆ ಕಮೆಂಟಲ್ಲಿ ಹಾಕಿ, ಆ್ಯಪ್‌ನಲ್ಲಿರೋ ಹೆಸರಲ್ಲ. ಅವರನ್ನ ಕೇಳಿ, ಅವರು ಹ್ಞೂಂ ಅಂದ ಮೇಲೆ ಮಾತ್ರ ಹಾಕಿ.