ಐದು ಸಾವಿರಕ್ಕೇ ಆಯಿಲ್ ಯಾಕ್ರೀ?

ಅತ್ತಿಗೆ ಕಾರಿನ ಗಾಜಿಗೆ ಗ್ಯಾರೇಜಿನವನು ಚೀಟಿ ಅಂಟಿಸಿದ್ದಾನೆ: ಮುಂದಿನ ಆಯಿಲ್ 5,000 ಕಿ.ಮೀ.ಗೆ. ಹಾಕಿರೋದು ಫುಲ್ ಸಿಂಥೆಟಿಕ್, ಬಿಲ್ಲೂ ಅದರದ್ದೇ. ಮಿನರಲ್ ಆಯಿಲ್ ಕಾಲದ ಲೆಕ್ಕ ಇಟ್ಕೊಂಡು ಸಿಂಥೆಟಿಕ್ ದುಡ್ಡು ಕೀಳೋದು ಯಾವ ನ್ಯಾಯ? ಅತ್ತಿಗೆ ಕಾರು ವಾರ ವಾರ ಮೈಸೂರಿಗೆ ಹೋಗಿ ಬರೋದು, ಇಂಜಿನ್‌ಗೆ ಅದು ಸುಖದ ಓಡಾಟ.

ಕಡ್ಡಿ ತೆಗೆದು "ನೋಡಿ ಮೇಡಂ, ಕಪ್ಪಾಗಿದೆ" ಅಂತ ಹೆದರಿಸ್ತಾರೆ. ಕಪ್ಪಾಗದೆ ಇನ್ನೇನು? ಒಳಗಿನ ಮಸಿ ಹಿಡಿದಿಟ್ಟುಕೊಳ್ಳೋದೂ ಆಯಿಲ್ ಕೆಲಸವೇ. ಬಟ್ಟೆ ಒಗೆದ ನೀರು ಕೊಳೆಯಾದ್ರೆ ಸೋಪು ಕೆಟ್ಟಿದೆ ಅಂತೀವಾ?

ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಹಳೇ ಬಿಲ್ಲುಗಳ ಕೆಳಗೆ, ಕಾರಿನ ಪುಸ್ತಕ ಇರತ್ತೆ. ಈಗಿನ ಮಾರುತಿ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಹಾಗಂತ ನಮ್ಮನೆಯವರ ಥರ "ಸಿಂಥೆಟಿಕ್ ಅಲ್ವಾ, ಇಪ್ಪತ್ತು ಸಾವಿರ ಓಡತ್ತೆ ಬಿಡು" ಅನ್ನೋದೂ ತಪ್ಪೇ ಕಣ್ರೀ. ನಮ್ಮ ಕಾರು ಹೋಗೋದು ಬನಶಂಕರಿ ದೇವಸ್ಥಾನ, ಗಾಂಧಿ ಬಜಾರು, ವಾಪಸ್ ಮನೆ. ಇಂಜಿನ್ ಸರಿಯಾಗಿ ಬಿಸಿ ಆಗೋದರೊಳಗೆ ಗೇಟು ಬಂತು. ಪೆಟ್ರೋಲು, ನೀರಿನ ಪಸೆ ಎಲ್ಲಾ ಆರದೆ ಆಯಿಲಲ್ಲೇ ಉಳಿಯತ್ತೆ. ಸಿಲ್ಕ್ ಬೋರ್ಡಲ್ಲಿ ನಿಂತಾಗಂತೂ ಮೀಟರ್ ಓಡಲ್ಲ, ಇಂಜಿನ್ ಓಡ್ತಾನೇ ಇರತ್ತೆ. ಇಂಥ ಓಡಾಟಕ್ಕೆ ಬೇಗ ಬದಲಾಯಿಸಿ ಅಂತ ಅದೇ ಪುಸ್ತಕದಲ್ಲಿ ಬೇರೆ ಪಟ್ಟಿ ಇದೆ. ಬರೀ ಮೂರು ಸಾವಿರ ಓಡಿದ್ರೂ ವರ್ಷ ದಾಟಿಸಬಾರದು.

ಅಂದ್ರೆ ಚೀಟಿ ಬೇಕಿದ್ದಿದ್ದು ನಮ್ಮ ಗಾಡಿಗೆ, ಅತ್ತಿಗೆ ಗಾಡಿಗಲ್ಲ. ಇಬ್ಬರಿಗೂ ಒಂದೇ ಚೀಟಿ ಯಾಕಪ್ಪಾ, ಯಾವ ಪಟ್ಟಿ ಪ್ರಕಾರ ಅಂತ ಕೇಳಿದ್ವಿ. "ಓನರ್ ಊಟಕ್ಕೆ ಹೋಗಿದಾರೆ" ಅಂದ.