ಬಸ್ಸು ಉಚಿತವಾಯಿತು, ಕೂಲಿಯ ಗತಿ ಏನು?

ಚರ್ಚೆಯ ಪ್ರಶ್ನೆ: ಗ್ಯಾರಂಟಿ ಯೋಜನೆಗಳಿಂದ ದುಡಿಯುವ ವರ್ಗದ ಮತದಾರರ ಬದುಕು ಸುಧಾರಿಸುತ್ತದೆಯೇ?

2023ರ ಮೇ ತಿಂಗಳಲ್ಲಿ 224ರ ಪೈಕಿ 135 ಸ್ಥಾನ ಗೆದ್ದು ಅಧಿಕಾರಕ್ಕೆ ಬಂದ ಕಾಂಗ್ರೆಸ್, ಆ ಗೆಲುವಿಗೆ ಐದು ಗ್ಯಾರಂಟಿಗಳೇ ಕಾರಣವೆಂದು ತಾನೂ ನಂಬಿತು, ಎದುರಾಳಿಗಳನ್ನೂ ನಂಬಿಸಿತು. ಶಕ್ತಿ, ಗೃಹಜ್ಯೋತಿ, ಅನ್ನಭಾಗ್ಯ, ಗೃಹಲಕ್ಷ್ಮಿ, ಯುವನಿಧಿ ಎಂಬ ಹೆಸರುಗಳು ಈಗ ಊರೂರಿನ ಮಾತಾಗಿವೆ. ಆದರೆ ಇವುಗಳ ಬಗ್ಗೆ ನಡೆದ ವಾದವೆಲ್ಲ ಹೆಚ್ಚಾಗಿ ಖಜಾನೆಯ ಸುತ್ತಲೇ ಸುತ್ತಿದೆ: ದುಡ್ಡು ಎಲ್ಲಿಂದ ಬರುತ್ತದೆ, ಸಾಲ ಎಷ್ಟಾಯಿತು, ರಸ್ತೆಗೆ ಏನು ಉಳಿಯಿತು. ಮತ ಹಾಕಿದ ಗಾರ್ಮೆಂಟ್ಸ್ ಕೆಲಸದವಳು, ಕಟ್ಟಡ ಕೂಲಿ, ಅಂಗನವಾಡಿ ಕಾರ್ಯಕರ್ತೆ, ಬಸ್ ಕಂಡಕ್ಟರ್ ಇವರ ಕಡೆಯಿಂದ ಲೆಕ್ಕ ಹಾಕಿದವರು ಕಡಿಮೆ. ಇಲ್ಲಿ ಎರಡೂ ಪಕ್ಷವನ್ನು ಆ ಕಡೆಯಿಂದಲೇ ಮಂಡಿಸಿದ್ದೇನೆ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಟ್ಟಿಲ್ಲ.

ಪರ

ಬೆಂಗಳೂರಿನ ಹೊಸೂರು ರಸ್ತೆಯಲ್ಲೋ ಪೀಣ್ಯದಲ್ಲೋ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ತಿಂಗಳಿಗೆ ಸಿಗುವುದು ಹನ್ನೆರಡು–ಹದಿಮೂರು ಸಾವಿರದ ಆಸುಪಾಸು. ಶಕ್ತಿ ಯೋಜನೆ ಶುರುವಾದ 2023ರ ಜೂನ್ 11ಕ್ಕೆ ಮೊದಲು ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸಿಗೆ 1,050 ರೂಪಾಯಿ ಇತ್ತು. ಅದು ಉಳಿಯಿತು. ಅದೇ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿ ಬಂತು, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000. ಎರಡೂ ಸೇರಿದರೆ ಮೂರು ಸಾವಿರಕ್ಕಿಂತ ಮೇಲಾಯಿತು, ಅಂದರೆ ಸಂಬಳದ ಕಾಲು ಭಾಗಕ್ಕೆ ಹತ್ತಿರ. 200 ಯೂನಿಟ್ ಒಳಗಿನ ಕರೆಂಟ್ ಬಿಲ್ಲು ಸೊನ್ನೆಯಾದದ್ದು, ಬಿಪಿಎಲ್ ಚೀಟಿಯ ಮೇಲೆ ಹೆಚ್ಚುವರಿ ಐದು ಕಿಲೋ ಅಕ್ಕಿ ಅಥವಾ ಅದರ ಬದಲಿಗೆ ತಲೆಗೆ 170 ರೂಪಾಯಿ ಬಂದದ್ದು ಬೇರೆ. 2023ರ ಜುಲೈ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಒಂದು ಕುಟುಂಬಕ್ಕೆ ತಿಂಗಳಿಗೆ ಸರಾಸರಿ ನಾಲ್ಕರಿಂದ ಐದು ಸಾವಿರದ ನೆರವು ಎಂದಿದ್ದರು. ಅದನ್ನು ರಾಜಕಾರಣಿಯ ಮಾತೆಂದು ಸ್ವಲ್ಪ ಇಳಿಸಿಕೊಂಡರೂ ಮೊತ್ತ ಸಣ್ಣದಲ್ಲ. ವರ್ಷಗಟ್ಟಲೆ ತುಟ್ಟಿಭತ್ಯೆಗೆ ಕಾದು, ಸಂಘ ಕಟ್ಟಿ, ಗೇಟಿನ ಮುಂದೆ ಧರಣಿ ಕೂತರೂ ಗಾರ್ಮೆಂಟ್ಸ್ ಕಾರ್ಮಿಕರಿಗೆ ಒಂದೇ ಸಲಕ್ಕೆ ಕಾಲು ಭಾಗ ಸಂಬಳ ಏರಿದ್ದು ಎಂದು?

ಹಣದ ಮೊತ್ತಕ್ಕಿಂತ ಅದು ಯಾರ ಕೈಗೆ, ಯಾವ ಷರತ್ತಿನ ಮೇಲೆ ಬರುತ್ತದೆ ಎಂಬುದೂ ಮುಖ್ಯ. ಗೃಹಲಕ್ಷ್ಮಿಯ ಹಣಕ್ಕೆ ಮೇಸ್ತ್ರಿಯ ಹಂಗಿಲ್ಲ, ಹಾಜರಿ ಪುಸ್ತಕದ ಹಂಗಿಲ್ಲ. ಒಂದು ವಾರ ಜ್ವರ ಬಂದು ಮಲಗಿದರೂ ಅದು ಕಡಿತವಾಗುವುದಿಲ್ಲ. ಶಕ್ತಿಯ ಟಿಕೆಟ್‌ಗಳು 2025ರ ಜುಲೈ ಹೊತ್ತಿಗೆ 500 ಕೋಟಿ ದಾಟಿದವು. ಇದನ್ನು ಧರ್ಮಸ್ಥಳ, ಮಲೆಮಹದೇಶ್ವರ ಬೆಟ್ಟದ ಯಾತ್ರೆಯೆಂದು ನಗೆಯಾಡಿದವರಿದ್ದಾರೆ. (ಗಂಡಸರು ಯಾತ್ರೆ ಹೋದಾಗ ಯಾರೂ ನಕ್ಕಿರಲಿಲ್ಲ.) ಆ ಟಿಕೆಟ್‌ಗಳ ಒಟ್ಟು ಮೌಲ್ಯ ಸುಮಾರು 12,600 ಕೋಟಿ. ಭಾಗಿಸಿ ನೋಡಿದರೆ ಒಂದು ಪ್ರಯಾಣಕ್ಕೆ ಸರಾಸರಿ 25 ರೂಪಾಯಿ. ಇಪ್ಪತ್ತೈದು ರೂಪಾಯಿಯ ಪ್ರಯಾಣವೆಂದರೆ ಹೆಚ್ಚಿನಂಶ ಹತ್ತಿರದ ಪೇಟೆ, ಆಸ್ಪತ್ರೆ, ಕಾಲೇಜು, ಕೆಲಸದ ಜಾಗ. ಹಳ್ಳಿಯಲ್ಲಿ ನಡೆದು ಹೋಗಬಹುದಾದ ದೂರದ ಕೂಲಿಗೆ ಮಾತ್ರ ಕಟ್ಟುಬಿದ್ದಿದ್ದ ಹೆಂಗಸು ಈಗ ತಾಲ್ಲೂಕು ಕೇಂದ್ರದ ಕೆಲಸವನ್ನೂ ನೋಡಬಲ್ಲಳು. "ಗ್ಯಾರಂಟಿಯಿಂದಾಗಿ ಕೂಲಿಯಾಳು ಸಿಗುತ್ತಿಲ್ಲ" ಎಂಬ ದೂರನ್ನು ಜಮೀನಿರುವವರು ಹೇಳುತ್ತಾರೆ. ಉದ್ಯೋಗ ಖಾತ್ರಿ ಬಂದಾಗಲೂ ಇದೇ ದೂರು ಕೇಳಿಬಂದಿತ್ತು. ಅದು ನಿಜವೇ ಆಗಿದ್ದರೆ, ಕೊಟ್ಟಷ್ಟಕ್ಕೆ ಕೈಯೊಡ್ಡುವ ಗತಿ ಕೂಲಿಯವರಿಗೆ ತಪ್ಪಿದೆ ಎಂದೇ ಅರ್ಥ. ಕೂಲಿ ಏರುವುದು ಹಾಗೆಯೇ.

ಬಿಟ್ಟಿ ಭಾಗ್ಯಗಳು ಮತಕ್ಕೆ ಕೊಟ್ಟ ಲಂಚ ಎಂಬ ಆಕ್ಷೇಪವನ್ನು ಮತದಾರರೇ ಸುಳ್ಳು ಮಾಡಿದ್ದಾರೆ. ಐದೂ ಯೋಜನೆ ಜಾರಿಯಾದ ಮೇಲೆ ನಡೆದ 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಬಂದದ್ದು ಒಂಬತ್ತೇ. ಹಣ ಪಡೆದವರು ತಮಗೆ ತೋಚಿದಂತೆಯೇ ಮತ ಹಾಕಿದರು. ಇನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದರು ಎಂಬ ಮಾತು. 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿದ್ದು, 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ್ದು, ಅದೇ ಏಪ್ರಿಲ್‌ನಲ್ಲಿ ನಂದಿನಿ ಹಾಲು ನಾಲ್ಕು ರೂಪಾಯಿ ಏರಿದ್ದು ಎಲ್ಲವೂ ನಿಜ. ಆದರೆ ಕೂಡಿಸಿ ನೋಡೋಣ. ಗಂಡನ ಬಸ್ ಪಾಸು 1,050ರಿಂದ 1,200 ಆಯಿತು. ದಿನಕ್ಕೊಂದು ಲೀಟರ್ ಹಾಲು ಕೊಳ್ಳುವ ಮನೆಗೆ ತಿಂಗಳಿಗೆ 120 ಹೆಚ್ಚಿತು, ಅದೂ ಹಾಲು ಹಾಕುವ ರೈತರಿಗೆ ಕೊಡಲೆಂದು. ಸ್ಕೂಟರ್ ಇದ್ದರೆ ಇನ್ನೊಂದು ಐವತ್ತು–ಅರವತ್ತು. ಎಲ್ಲ ಸೇರಿಯೂ ಗೃಹಲಕ್ಷ್ಮಿಯ ಒಂದು ಕಂತಿನ ಕಾಲು ಭಾಗ ಮುಟ್ಟುವುದಿಲ್ಲ. ದರ ಏರಿಕೆಯ ನಿಜವಾದ ಪೆಟ್ಟು ಬಿದ್ದದ್ದು ಗ್ಯಾರಂಟಿ ಸಿಗದ ಮಧ್ಯಮ ವರ್ಗಕ್ಕೆ. ಇದರ ಜೊತೆಗೆ, ದುಡಿಮೆಗೆ ನೇರ ಸಂಬಂಧಪಟ್ಟ ಕೆಲಸಗಳೂ ಆಗಿವೆ. ಪೌರಕಾರ್ಮಿಕರ ಕೆಲಸ ಕಾಯಂ ಆಯಿತು. ಸ್ವಿಗ್ಗಿ, ಜೊಮ್ಯಾಟೊ, ಓಲಾ ಥರದ ಕಂಪನಿಗಳಿಂದ ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರ ತನಕ ಕಲ್ಯಾಣ ಶುಲ್ಕ ವಸೂಲು ಮಾಡುವ ಗಿಗ್ ಕಾರ್ಮಿಕರ ಕಾನೂನು 2025ರಲ್ಲಿ ಬಂತು.

ವಿರೋಧ

ಮೇಲಿನ ಲೆಕ್ಕವನ್ನು ನಾನು ಒಪ್ಪುತ್ತೇನೆ. ತೆರಿಗೆದಾರರ ದುಡ್ಡು ಪೋಲಾಯಿತು ಎಂದು ಗೊಣಗುವ ಸಾಲಿನಲ್ಲಿ ನಿಲ್ಲುವ ಆಸೆ ನನಗಿಲ್ಲ. ಬಡವರೂ ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲದಕ್ಕೂ ತೆರಿಗೆ ಕಟ್ಟುತ್ತಾರೆ. ನನ್ನ ತಕರಾರು ಬೇರೆ. ಈ ಸರ್ಕಾರ ತನ್ನ ಮತದಾರಳನ್ನು ಪ್ರಯಾಣಿಕಳಾಗಿ, ಯಜಮಾನಿಯಾಗಿ, ಪಡಿತರದಾರಳಾಗಿ ಗುರುತಿಸಿತು. ದುಡಿಯುವವಳಾಗಿ ಗುರುತಿಸುವ ಹೊತ್ತು ಬಂದಾಗಲೆಲ್ಲ ಅದರ ನಡಿಗೆ ನಿಧಾನವಾಯಿತು. ಐದು ಗ್ಯಾರಂಟಿಗಳಿಗೆ ಎಂಟು ತಿಂಗಳು ಸಾಕಾಯಿತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿಯೂ ಚಾಲೂ ಆಯಿತು. ಕನಿಷ್ಠ ವೇತನ ಪರಿಷ್ಕರಣೆಯ ಕರಡು ಮಾತ್ರ ಹೊರಬರುವ ಹೊತ್ತಿಗೆ 2025ರ ಏಪ್ರಿಲ್ ಆಗಿತ್ತು. ಆ ಕರಡಿನ ಪ್ರಕಾರ ಕೌಶಲ ಬೇಡದ ಕೆಲಸಕ್ಕೂ ವಲಯವಾರು 19,319ರಿಂದ 23,376 ರೂಪಾಯಿ ಸಿಗಬೇಕು. ಅಂಕಿ ಆಕಾಶದಿಂದ ಉದುರಿದ್ದಲ್ಲ. ಒಂದು ಕುಟುಂಬದ ಊಟ, ಬಟ್ಟೆ, ಬಾಡಿಗೆ, ಮಕ್ಕಳ ಓದು, ಔಷಧದ ಖರ್ಚನ್ನು ಲೆಕ್ಕ ಹಾಕಿಯೇ ಕನಿಷ್ಠ ವೇತನ ನಿಗದಿಯಾಗಬೇಕೆಂದು ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿದೆ, ಅದೇ ಲೆಕ್ಕ ಇಲ್ಲೂ ಬಂದಿದೆ. ಅಂದರೆ ಸರ್ಕಾರದ ಕರಡೇ ಹೇಳುವಂತೆ ಬೆಂಗಳೂರಿನ ಆ ಹೊಲಿಗೆಯವಳಿಗೆ ತಿಂಗಳಿಗೆ ಹತ್ತು ಸಾವಿರ ಕಡಿಮೆ ಬೀಳುತ್ತಿದೆ. ಗ್ಯಾರಂಟಿ ತುಂಬುವುದು ಅದರಲ್ಲಿ ಮೂರು ಸಾವಿರ, ಹೆಚ್ಚೆಂದರೆ ನಾಲ್ಕು. ಉಳಿದ ಆರೇಳು ಸಾವಿರ ಮಾಲೀಕರ ಬಳಿಯೇ ಉಳಿಯುತ್ತದೆ.

ಖಜಾನೆಯಿಂದ ಕೊಡುವ ಸರ್ಕಾರಕ್ಕೆ ಎದುರಾಳಿ ಇಲ್ಲ. ತೆರಿಗೆ ಏರಿಸಬಹುದು, ಸಾಲ ಎತ್ತಬಹುದು, ಹೊರೆ ಕೋಟ್ಯಂತರ ಜನರ ಮೇಲೆ ಹರಡಿ ಹೋಗುತ್ತದೆ. ಮಾಲೀಕರಿಂದ ಕೊಡಿಸಲು ಹೊರಟರೆ ಉದ್ಯಮಿಗಳ ಸಂಘಗಳು ಮರುದಿನವೇ ವಿಧಾನಸೌಧದ ಬಾಗಿಲಲ್ಲಿರುತ್ತವೆ. ಸಿದ್ದರಾಮಯ್ಯನವರ ಮೊದಲ ಅವಧಿಯ ಕೊನೆಯಲ್ಲಿ, 2018ರಲ್ಲಿ, ಗಾರ್ಮೆಂಟ್ಸ್ ಕೂಲಿ ಏರಿಸುವ ಕರಡು ಹೊರಟು ಕೆಲವೇ ವಾರಗಳಲ್ಲಿ ವಾಪಸಾದದ್ದನ್ನು ಕಾರ್ಮಿಕ ಸಂಘಗಳು ಮರೆತಿಲ್ಲ. ದುಡಿಮೆಯ ಅವಧಿಯ ವಿಷಯದಲ್ಲೂ ಕತೆ ಇದೇ. ಕಾರ್ಖಾನೆಗಳಲ್ಲಿ ದಿನಕ್ಕೆ 12 ತಾಸಿನ ಪಾಳಿಗೆ ದಾರಿ ಮಾಡಿ, ಮೂರು ತಿಂಗಳಿಗೆ 75 ತಾಸಿದ್ದ ಓಟಿ ಮಿತಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದ ತಿದ್ದುಪಡಿ ತಂದದ್ದು 2023ರ ಫೆಬ್ರುವರಿಯಲ್ಲಿ ಬೊಮ್ಮಾಯಿ ಸರ್ಕಾರ. ಹೊಸ ಸರ್ಕಾರ ಅದನ್ನು ಕಿತ್ತುಹಾಕಲಿಲ್ಲ. ಬದಲಿಗೆ 2025ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲೂ ದಿನದ ದುಡಿಮೆಯನ್ನು ಹತ್ತು ತಾಸಿಗೆ ಏರಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ಉಚಿತ ಬಸ್ಸಿನಲ್ಲಿ ಮನೆ ಸೇರುವ ಹೊತ್ತು ರಾತ್ರಿ ಒಂಬತ್ತಾದರೆ ಆ ಉಚಿತದ ಸುಖ ಎಷ್ಟು?

ಕೂಲಿ ಏರಿಸಿದರೆ ಕಾರ್ಖಾನೆಗಳು ಹಿಂದೂಪುರಕ್ಕೋ ತಿರುಪ್ಪೂರಿಗೋ ಹೋಗುತ್ತವೆ, ಆಮೇಲೆ ಇರುವ ಕೆಲಸವೂ ಇಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ವಲಯ ನಡುಗಿದ್ದು ನಿಜ. ಆದರೆ ಕಾರ್ಖಾನೆಗಳು ಬೆಂಗಳೂರು ಬಿಟ್ಟು ಮದ್ದೂರು, ಹಾಸನ, ತುಮಕೂರಿನ ಕಡೆ ಹೋಗುತ್ತಿರುವುದು ಸುಂಕಕ್ಕಿಂತ ಎಷ್ಟೋ ಮೊದಲಿನಿಂದ, ಕೂಲಿ ಏರದೆ ಇದ್ದಾಗಲೇ. ಅಗ್ಗದ ಕೂಲಿಯನ್ನೇ ನಂಬಿದ ಉದ್ಯಮ ಇನ್ನೂ ಅಗ್ಗದ ಜಾಗ ಹುಡುಕುತ್ತಲೇ ಇರುತ್ತದೆ. ಮೇಲಾಗಿ ಕನಿಷ್ಠ ವೇತನದ ಕರಡು ಗಾರ್ಮೆಂಟ್ಸ್ ಒಂದಕ್ಕೇ ಸೀಮಿತವಲ್ಲ. ಸೆಕ್ಯೂರಿಟಿ ಗಾರ್ಡ್, ಹೋಟೆಲ್ ಮಾಣಿ, ಆಸ್ಪತ್ರೆಯ ಆಯಾ, ಕಟ್ಟಡ ಕೂಲಿ ಇವರೆಲ್ಲರ ಕೆಲಸವನ್ನು ಬಾಂಗ್ಲಾದೇಶಕ್ಕೆ ಒಯ್ಯಲಾಗದು. ಅಲ್ಲಿ ಯಾವ ಸುಂಕದ ಭಯ? ಕಾರ್ಮಿಕ ಕಾನೂನಿನ ಕೀಲಿ ದೆಹಲಿಯಲ್ಲಿದೆ ಎಂಬುದೂ ನಿಲ್ಲದ ನೆಪ. ಕೇಂದ್ರದ ಸಂಹಿತೆಗಳು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದರೂ ಇಂಥ ಉದ್ಯೋಗಗಳಿಗೆ ಕನಿಷ್ಠ ಕೂಲಿ ನಿಗದಿ ಮಾಡುವ ಅಧಿಕಾರ ರಾಜ್ಯದ್ದೇ. ಗಿಗ್ ಕಾನೂನನ್ನು ನಾನೂ ಮೆಚ್ಚುತ್ತೇನೆ, ಕಂಪನಿಗಳ ಜೇಬಿಗೆ ಕೈಹಾಕಿದ ಒಂದು ಅಪರೂಪದ ಕೆಲಸ ಅದು. ಆದರೆ ಅದರಲ್ಲಿ ಇರುವುದು ಕಲ್ಯಾಣ ನಿಧಿ. ಒಂದು ಡೆಲಿವರಿಗೆ ಇಷ್ಟಾದರೂ ಕೊಡಬೇಕೆಂಬ ದರ ಅಲ್ಲಿಲ್ಲ.

ಖಾಸಗಿ ಮಾಲೀಕರ ಮಾತು ಬಿಡೋಣ. ಸರ್ಕಾರವೇ ಮಾಲೀಕನಾಗಿರುವ ಕಡೆ ಏನಾಯಿತು? ಅಂಗನವಾಡಿ ಕಾರ್ಯಕರ್ತೆಯರ ಗೌರವಧನವನ್ನು 15,000ಕ್ಕೆ ಏರಿಸುತ್ತೇವೆ ಎಂಬುದು 2023ರ ಚುನಾವಣೆಯಲ್ಲಿ ಆರನೇ ಗ್ಯಾರಂಟಿಯಂತೆಯೇ ಸದ್ದು ಮಾಡಿದ ಭರವಸೆ. 2025ರ ಬಜೆಟ್‌ನಲ್ಲಿ ಸಿಕ್ಕಿದ್ದು ಒಂದು ಸಾವಿರದ ಏರಿಕೆ. ಆಶಾ ಕಾರ್ಯಕರ್ತೆಯರು ಅದೇ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಕೂತ ಮೇಲಷ್ಟೇ ತಿಂಗಳಿಗೆ ಹತ್ತು ಸಾವಿರದ ಖಾತ್ರಿಯ ಮಾತು ಬಂತು. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ಸಾರಿಗೆ ನೌಕರರ ಸ್ಥಿತಿ. ಶಕ್ತಿ ಯೋಜನೆ ನಡೆಯುತ್ತಿರುವುದು ಇವರ ಬೆನ್ನ ಮೇಲೆ. ಮೆಟ್ಟಿಲಿನ ತನಕ ತುಂಬಿದ ಬಸ್ಸನ್ನು ಓಡಿಸುವವರು, ಅದರೊಳಗೆ ನುಗ್ಗಿ ಶೂನ್ಯ ಟಿಕೆಟ್ ಹರಿದು ಕೊಡುವವರು ಇವರೇ. 38 ತಿಂಗಳ ವೇತನ ಹಿಂಬಾಕಿಗಾಗಿ, 2024ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆಗಾಗಿ ಇವರು 2025ರ ಆಗಸ್ಟ್ 5ರಂದು ಮುಷ್ಕರಕ್ಕೆ ಇಳಿಯಬೇಕಾಯಿತು. ಹಿಂಬಾಕಿ ಹಿಂದಿನ ಸರ್ಕಾರದ ಕಾಲದ್ದು ಎಂಬ ಸಮಜಾಯಿಷಿಯಲ್ಲಿ ಸತ್ಯಾಂಶವಿದೆ. ಆದರೂ 2025–26ರ ಬಜೆಟ್‌ನಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ ತೆಗೆದಿಟ್ಟ ಸರ್ಕಾರಕ್ಕೆ, ಆ ಗ್ಯಾರಂಟಿಯನ್ನು ಹೊತ್ತು ಓಡಾಡುವವರ ಬಾಕಿ ತೀರಿಸುವುದು ಕೊನೆಯ ಕೆಲಸವಾಗಬಾರದಿತ್ತು. ದಲಿತರು, ಬುಡಕಟ್ಟಿನವರು ದುಡಿಯುವ ವರ್ಗದ ತಳಪದರವೇ ಆಗಿರುವಾಗ, ಅವರ ಉಪಯೋಜನೆಯ ನಿಧಿಯಿಂದ 2023–24ರಲ್ಲಿ 11,000 ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿಗಳ ಲೆಕ್ಕಕ್ಕೆ ತಿರುಗಿಸಿದ್ದಂತೂ ಸಮರ್ಥನೆಗೆ ಸಿಗದ ನಡೆ. ಫಲಾನುಭವಿಗಳಲ್ಲಿ ಅವರೂ ಇದ್ದಾರೆ ಎಂದರೆ ಸಾಲದು. ಎಲ್ಲರಿಗೂ ಸಿಗುವುದನ್ನು ಅವರಿಗೆ ಅವರದೇ ಗಂಟಿನಿಂದ ಕೊಟ್ಟಂತಾಯಿತು.

ಇನ್ನೊಂದು ಸಂಗತಿ ಬಾಳಿಕೆಯದು. ಗೃಹಲಕ್ಷ್ಮಿಯ ಕಂತು ಎರಡು ಮೂರು ತಿಂಗಳು ತಡವಾದಾಗ ಕೇಳಲು ಹೋಗುವ ಜಾಗ ಯಾವುದು? ಸಚಿವರ ಪತ್ರಿಕಾಗೋಷ್ಠಿಗೆ ಕಾಯಬೇಕು ಅಷ್ಟೆ. ಕನಿಷ್ಠ ಕೂಲಿ ಕೊಡದ ಮಾಲೀಕನ ಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಪಿಎಫ್ ಕೂಡ ಆ ಕೂಲಿಯ ಮೇಲೆಯೇ ಬೆಳೆಯುತ್ತದೆ, ಗ್ರಾಚ್ಯುಟಿ ಲೆಕ್ಕವೂ ಅದರ ಮೇಲೆಯೇ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು ಕೇಂದ್ರ ಸರ್ಕಾರವನ್ನೇ ಮಣಿಸಿದರು. ಅದು ತಮ್ಮ ದುಡಿಮೆಯ ಹಣ ಎಂಬ ಹಕ್ಕಿನ ಭಾವ ಅವರನ್ನು ಬೀದಿಗೆ ತಂದಿತ್ತು. ಸರ್ಕಾರ ಬದಲಾದರೆ ನಿಂತುಹೋಗಬಹುದಾದ ಎರಡು ಸಾವಿರಕ್ಕೂ, ಸರ್ಕಾರ ಬದಲಾದರೂ ಸುಲಭಕ್ಕೆ ಇಳಿಸಲಾಗದ ಕೂಲಿಗೂ ಇರುವ ಅಂತರ ಇದೇ.

ಹಾಗಾಗಿ ಚರ್ಚೆಯ ಪ್ರಶ್ನೆಗೆ ನನ್ನ ಉತ್ತರ: ಗ್ಯಾರಂಟಿಗಳು ದುಡಿಯುವವರ ಕಷ್ಟವನ್ನು ತಗ್ಗಿಸಿವೆ, ಅವನ್ನು ನಿಲ್ಲಿಸಬಾರದು. ಆದರೆ ಅವರ ದುಡಿಮೆಯ ಬೆಲೆಯನ್ನು ಏರಿಸುವ ಕೆಲಸಕ್ಕೆ ಅವು ಬದಲಿಯಲ್ಲ. ಏಪ್ರಿಲ್ 2025ರ ಕರಡಿನ ಅಂಕಿಗಳನ್ನು ಒಂದು ರೂಪಾಯಿಯೂ ಕಡಿತಗೊಳಿಸದೆ ಜಾರಿ ಮಾಡುವುದು, 12 ತಾಸಿನ ತಿದ್ದುಪಡಿಯನ್ನು ರದ್ದು ಮಾಡುವುದು, ಅಂಗನವಾಡಿಯವರಿಗೆ ಹೇಳಿದ 15,000 ಕೊಡುವುದು ಈ ಸರ್ಕಾರ ತನ್ನ ಮತದಾರರಿಗೆ ತೀರಿಸಬೇಕಾದ ಬಾಕಿ. 2028ರಲ್ಲಿ ಮತ ಕೇಳಲು ಮನೆಬಾಗಿಲಿಗೆ ಬರುವವರನ್ನು, ಅವರು ಯಾವ ಪಕ್ಷದವರೇ ಇರಲಿ, ಓದುಗರು ಮೊದಲು ಇದನ್ನೇ ಕೇಳಲಿ.